ವೈರಸ್ಸಿನ ಹೆಸರು ಆಮೇಲೆ, ಮೊದಲು ಮಗುವಿನ ಉಸಿರು ಎಣಿಸಿ

2025ರ ಜನವರಿ 6. ಅವತ್ತು ಟೀವಿ ಹಾಕಿದವರಿಗೆಲ್ಲ ಒಂದೇ ಸುದ್ದಿ. ಬೆಂಗಳೂರಿನಲ್ಲಿ ಎರಡು ಕೂಸುಗಳಲ್ಲಿ ಎಚ್‌ಎಂಪಿವಿ ಅನ್ನುವ ವೈರಸ್ ಪತ್ತೆ. ಒಂದಕ್ಕೆ ಮೂರು ತಿಂಗಳು, ಇನ್ನೊಂದಕ್ಕೆ ಎಂಟು ತಿಂಗಳು. ಚೀನಾದ ಆಸ್ಪತ್ರೆಗಳ ವಿಡಿಯೋಗಳು ಅದಾಗಲೇ ವಾಟ್ಸಾಪ್‌ನಲ್ಲಿ ಓಡಾಡುತ್ತಿದ್ದವು. ಸಂಜೆ ಹೊತ್ತಿಗೆ ನಮ್ಮ ಮನೆಯ ಗ್ರೂಪಿನಲ್ಲಿ "ಮತ್ತೆ ಲಾಕ್‌ಡೌನಾ?" ಅಂತ ಮೂರು ಮೆಸೇಜು ಬಿದ್ದಿದ್ದವು.

ಆ ಗದ್ದಲದಲ್ಲಿ ಮುಖ್ಯವಾದ ಮಾತುಗಳು ಯಾರ ಕಿವಿಗೂ ಬೀಳಲಿಲ್ಲ. ಆ ಎರಡೂ ಮಕ್ಕಳು ವಿದೇಶಕ್ಕೆ ಹೋಗಿ ಬಂದವರಲ್ಲ. ಒಂದು ಮಗು ಅಷ್ಟರಲ್ಲಿ ಆಸ್ಪತ್ರೆಯಿಂದ ಮನೆಗೆ ಹೋಗಿತ್ತು, ಇನ್ನೊಂದು ಚೇತರಿಸಿಕೊಳ್ಳುತ್ತಿತ್ತು. ವೈರಸ್ ಕೂಡ ಹೊಸದಲ್ಲ. ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಅದನ್ನು ಗುರುತಿಸಿದ್ದು 2001ರಲ್ಲಿ. ಆದರೆ 1958ರಲ್ಲಿ ತೆಗೆದಿಟ್ಟಿದ್ದ ರಕ್ತದ ಮಾದರಿಗಳನ್ನು ಪರೀಕ್ಷಿಸಿದಾಗ ಅವುಗಳಲ್ಲೂ ಅದರ ಗುರುತು ಸಿಕ್ಕಿತು. ಅಂದರೆ ನಾವು ಹೊಸದು ಅಂತ ಹೆದರಿದ್ದು ನಮ್ಮ ಅಪ್ಪ ಅಮ್ಮನ ಕಾಲದ ನೆಗಡಿಗೆ.

ಅದೇ ವಾರ ನನ್ನ ತಂಗಿಯ ಐದು ತಿಂಗಳ ಮಗನಿಗೂ ನೆಗಡಿ ಹತ್ತಿತ್ತು. ಮೊದಲ ಎರಡು ದಿನ ಮೂಗು ಸೋರಿತು, ಅಷ್ಟೇ. ಮೂರನೇ ರಾತ್ರಿ ಎದೆಯಲ್ಲಿ ಗೊರಗೊರ. ಹಾಲಿಗೆ ಬಾಯಿ ಹಾಕುತ್ತಾನೆ, ಎರಡು ಗುಟುಕು ಎಳೆದು ಬಿಟ್ಟು ಅಳುತ್ತಾನೆ. ಮಕ್ಕಳ ಡಾಕ್ಟರ ಹತ್ತಿರ ಹೋದಾಗ ತಂಗಿ ಕೇಳಿದ ಮೊದಲ ಪ್ರಶ್ನೆ, "ಡಾಕ್ಟ್ರೇ, ಇದು ಅದೇನಾ?"

ಅವರು ಉತ್ತರ ಕೊಡಲಿಲ್ಲ. ಸ್ಟೆತಸ್ಕೋಪನ್ನೂ ಮುಟ್ಟಲಿಲ್ಲ. ಮಗುವಿನ ಅಂಗಿ ಮೇಲೆತ್ತಿ, ಕೈಗಡಿಯಾರ ನೋಡುತ್ತಾ ಒಂದು ನಿಮಿಷ ಸುಮ್ನೆ ಕೂತರು. ಆಮೇಲೆ "ಅರವತ್ತೆರಡು" ಅಂದರು. "ಹೆಸರು ಯಾವುದಾದರೂ ಇರಲಮ್ಮ. ಈ ನಂಬರ್ ಇಳಿಯಬೇಕು, ಅದು ಮುಖ್ಯ."

ನೆಗಡಿ ಅನ್ನುವುದು ಒಂದು ಕಾಯಿಲೆಯಲ್ಲ

ನಾವು ಶೀತ, ನೆಗಡಿ, ಕಫ ಅಂತ ಕರೆಯುವುದರ ಹಿಂದೆ ಹತ್ತಾರು ಬಗೆಯ ವೈರಸ್‌ಗಳಿವೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು ರೈನೋವೈರಸ್. ಅದರಲ್ಲೇ ನೂರಕ್ಕೂ ಹೆಚ್ಚು ವಿಧ. ಒಂದು ವಿಧ ಬಂದು ಹೋದರೆ ಇನ್ನೊಂದರಿಂದ ರಕ್ಷಣೆ ಸಿಗುವುದಿಲ್ಲ. ಅದಕ್ಕೇ ಪುಟ್ಟ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿಯಾಗುವುದು ಮಾಮೂಲು. ಶಿಶುವಿಹಾರಕ್ಕೋ ಡೇಕೇರ್‌ಗೋ ಹೋಗುವ ಮಕ್ಕಳಿಗೆ ಇನ್ನೂ ಜಾಸ್ತಿ. "ನಮ್ಮ ಮಗುಗೆ ಇಮ್ಯುನಿಟಿ ಕಡಿಮೆ" ಅಂತ ಕೊರಗುವ ತಾಯಂದಿರಲ್ಲಿ ಬಹುತೇಕರ ಮಕ್ಕಳು ಈ ಲೆಕ್ಕದೊಳಗೇ ಇರುತ್ತಾರೆ.

ಇವುಗಳ ನಡುವೆ ಕೂಸುಗಳನ್ನು ಹೆಚ್ಚು ಕಾಡುವುದು ಆರ್‌ಎಸ್‌ವಿ. ಇದರ ಹೆಸರು ಟೀವಿಯಲ್ಲಿ ಅಷ್ಟಾಗಿ ಬಂದಿಲ್ಲ. ಆದರೆ ಎರಡು ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಪ್ರತಿ ಮಗುವಿಗೂ ಒಂದು ಸಲವಾದರೂ ಇದು ತಗುಲಿರುತ್ತದೆ. ಮೊದಲು ಇದು ಸಿಕ್ಕಿದ್ದು ಮಕ್ಕಳಲ್ಲಲ್ಲ, 1956ರಲ್ಲಿ ಅಮೆರಿಕದ ಒಂದು ಪ್ರಯೋಗಾಲಯದ ಚಿಂಪಾಂಜಿಗಳಲ್ಲಿ. ಅವಕ್ಕೆ ಸಾಲಾಗಿ ನೆಗಡಿ ಹತ್ತಿ, ನೋಡಿಕೊಳ್ಳುತ್ತಿದ್ದವರಲ್ಲೂ ಒಬ್ಬರಿಗೆ ಹತ್ತಿತು. ಇದು ಮಕ್ಕಳ ಕಾಯಿಲೆ ಅಂತ ಗೊತ್ತಾಗಿದ್ದು ಮರುವರ್ಷ.

2019ರ ಒಂದೇ ವರ್ಷದಲ್ಲಿ ಪ್ರಪಂಚದಾದ್ಯಂತ ಐದು ವರ್ಷದೊಳಗಿನ ಸುಮಾರು 3.3 ಕೋಟಿ ಮಕ್ಕಳಲ್ಲಿ ಆರ್‌ಎಸ್‌ವಿ ಎದೆಗೆ ಇಳಿದಿತ್ತು, ಅದರಿಂದ ಸುಮಾರು ಒಂದು ಲಕ್ಷ ಮಕ್ಕಳು ತೀರಿಕೊಂಡರು ಅಂತ ಅಂದಾಜು. ಈ ಎರಡು ಸಂಖ್ಯೆಗಳನ್ನು ಒಟ್ಟಿಗೆ ಓದಬೇಕು. ಬಹುಪಾಲು ಮಕ್ಕಳು ಗುಣವಾಗುತ್ತಾರೆ. ತೀರಿಕೊಂಡವರಲ್ಲಿ ಹೆಚ್ಚಿನವರು ಬಡ ಮತ್ತು ಮಧ್ಯಮ ಆದಾಯದ ದೇಶಗಳ ಮಕ್ಕಳು, ಅಂದರೆ ಆಕ್ಸಿಜನ್ ಹೊತ್ತಿಗೆ ಸರಿಯಾಗಿ ಸಿಗದ ಕಡೆಯವರು.

ಅದೇ ವೈರಸ್, ಅಪ್ಪನಿಗೆ ಸೀನು, ಕೂಸಿಗೆ ಆಸ್ಪತ್ರೆ. ಯಾಕೆ?

ತೋಟಕ್ಕೆ ಡ್ರಿಪ್ ಹಾಕಿಸಿದವರಿಗೆ ಇದನ್ನು ವಿವರಿಸುವುದು ಸುಲಭ. ದೊಡ್ಡ ಪೈಪಿನ ಒಳಗೆ ಒಂದಿಷ್ಟು ಪಾಚಿ ಕಟ್ಟಿದರೆ ನೀರು ಹರಿಯುವುದು ನಿಲ್ಲುವುದಿಲ್ಲ. ಅಷ್ಟೇ ಪಾಚಿ ಗಿಡದ ಬುಡದ ಸಣ್ಣ ಟ್ಯೂಬಿನಲ್ಲಿ ಕಟ್ಟಿದರೆ ಹನಿಯೂ ಬೀಳುವುದಿಲ್ಲ. ಪಾಚಿ ಅದೇ, ಪೈಪು ಬೇರೆ.

ಶ್ವಾಸಕೋಶವೂ ಹಾಗೇ. ಒಂದು ದೊಡ್ಡ ಕೊಳವೆ ಕವಲೊಡೆದು, ಕವಲು ಮತ್ತೆ ಕವಲೊಡೆದು, ಕೊನೆಗೆ ಕೂದಲಿನಂಥ ಸಣ್ಣ ಕೊಳವೆಗಳಾಗುತ್ತವೆ. ಅವುಗಳ ತುದಿಯಲ್ಲಿ ಗಾಳಿಯ ಚೀಲಗಳು. ಆಮ್ಲಜನಕ ರಕ್ತಕ್ಕೆ ಸೇರುವುದು ಆ ಚೀಲಗಳಲ್ಲಿ. ಆರ್‌ಎಸ್‌ವಿ, ಎಚ್‌ಎಂಪಿವಿಯಂಥ ವೈರಸ್‌ಗಳು ಮೂಗಿನಿಂದ ಶುರುವಾಗಿ ಕೆಲವು ಮಕ್ಕಳಲ್ಲಿ ಆ ಸಣ್ಣ ಕೊಳವೆಗಳ ತನಕ ಇಳಿಯುತ್ತವೆ. ಅಲ್ಲಿ ಒಳಪದರ ಊದಿಕೊಳ್ಳುತ್ತದೆ. ಕಸ ಗುಡಿಸುವ ಸೂಕ್ಷ್ಮ ರೋಮಗಳಿರುವ ಜೀವಕೋಶಗಳು ಸತ್ತು ಉದುರುತ್ತವೆ. ಗುಡಿಸುವವರೇ ಇಲ್ಲದ ಮೇಲೆ ಸತ್ತ ಕೋಶ, ಸಿಂಬಳ ಎಲ್ಲ ಸೇರಿ ಕೊಳವೆಗೆ ಬಿರಡೆಯಂತೆ ಕೂರುತ್ತವೆ. ಇದಕ್ಕೆ ಡಾಕ್ಟರು ಇಟ್ಟ ಹೆಸರು ಬ್ರಾಂಕಿಯೋಲೈಟಿಸ್. ಎರಡು ವರ್ಷದೊಳಗಿನ ಮಕ್ಕಳಿಗೆ, ಅದರಲ್ಲೂ ಮೊದಲ ವರ್ಷದ ಕೂಸುಗಳಿಗೆ ಬರುವ ತೊಂದರೆ ಇದು. ಸೋಂಕು ಗಾಳಿಚೀಲಗಳಿಗೇ ತಗುಲಿ ಅಲ್ಲಿ ಕೀವು, ನೀರು ತುಂಬಿದರೆ ಅದು ನ್ಯುಮೋನಿಯಾ.

ಲೆಕ್ಕ ಇನ್ನೂ ಕಠಿಣ. ಕೊಳವೆ ಅರ್ಧ ಕಿರಿದಾದರೆ ಗಾಳಿ ಎಳೆಯಲು ಎರಡು ಪಟ್ಟು ಶ್ರಮ ಸಾಕು ಅಂತ ನಮಗೆ ಅನಿಸುತ್ತದೆ. ನಿಜಕ್ಕೂ ಬೇಕಾಗುವುದು 16 ಪಟ್ಟು. 4 ಮಿಲಿಮೀಟರ್ ಅಗಲದ ಕೊಳವೆಯ ಒಳಗೋಡೆ ಸುತ್ತಲೂ ಒಂದೇ ಒಂದು ಮಿಲಿಮೀಟರ್ ಊದಿದರೆ ಉಳಿಯುವ ದಾರಿ 2 ಮಿಲಿಮೀಟರ್, ಅಂದರೆ ಅರ್ಧ. ಅಷ್ಟೇ ಊತ 8 ಮಿಲಿಮೀಟರಿನ ಕೊಳವೆಯಲ್ಲಾದರೆ ಶ್ರಮ ಹೆಚ್ಚುವುದು ಮೂರು ಪಟ್ಟು ಮಾತ್ರ.

ಇದರ ಜೊತೆಗೆ ಕೂಸಿಗೆ ಇನ್ನೆರಡು ತೊಡಕು. ಮೊದಲ ಕೆಲವು ತಿಂಗಳು ಕೂಸು ಉಸಿರಾಡುವುದು ಹೆಚ್ಚಾಗಿ ಮೂಗಿನಿಂದ. ಬಾಯಿಯಿಂದ ಉಸಿರಾಡುವುದು ಅದಕ್ಕೆ ಇನ್ನೂ ಸರಿಯಾಗಿ ರೂಢಿಯಾಗಿರುವುದಿಲ್ಲ. ಮೂಗು ಕಟ್ಟಿದರೆ ಹಾಲು ಕುಡಿಯುವುದೋ ಉಸಿರಾಡುವುದೋ, ಎರಡರಲ್ಲಿ ಒಂದೇ ಸಾಧ್ಯ. ಜೊತೆಗೆ ಅದರ ಪಕ್ಕೆಲುಬು ಎಳೆಸೌತೆಯಂತೆ ಮೆತ್ತಗೆ. ಜೋರಾಗಿ ಗಾಳಿ ಎಳೆದಾಗ ಎದೆಯೇ ಒಳಗೆ ಕುಸಿಯುತ್ತದೆ. ಹಾಗಾಗಿ ಕೂಸು ಆಳವಾಗಿ ಉಸಿರೆಳೆಯುವ ಬದಲು ಬೇಗ ಬೇಗ ಎಳೆಯುತ್ತದೆ. ಡಾಕ್ಟರು ಎಣಿಸುತ್ತಿದ್ದದ್ದು ಅದನ್ನೇ.

ಎಣಿಸುವುದು ಹೇಗೆ

ಇದಕ್ಕೆ ಯಂತ್ರ ಬೇಡ. ಮಗು ಮಲಗಿರಬೇಕು, ಇಲ್ಲವೇ ಮಡಿಲಲ್ಲಿ ಸಮಾಧಾನವಾಗಿರಬೇಕು. ಅಳುವಾಗ, ಹಾಲು ಕುಡಿಯುವಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಜ್ವರ ಸುಡುತ್ತಿದ್ದರೂ ಉಸಿರು ಜೋರಿರುತ್ತದೆ, ಜ್ವರ ಇಳಿದ ಮೇಲೆ ಇನ್ನೊಮ್ಮೆ ಎಣಿಸಿ. ಅಂಗಿ ಎದೆಯ ತನಕ ಮೇಲೆತ್ತಿ. ಬೆಳಕು ಚೆನ್ನಾಗಿರಲಿ. ಹೊಟ್ಟೆ ಒಂದು ಸಲ ಮೇಲೆದ್ದು ಇಳಿದರೆ ಒಂದು ಉಸಿರು. ಫೋನಿನಲ್ಲಿ ಟೈಮರ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಜಾಣತನ ಇಲ್ಲಿ ಬೇಡ. ಕೂಸುಗಳು ನಾಲ್ಕು ಉಸಿರು ಬಿರುಸಾಗಿ ಎಳೆದು, ಆಮೇಲೆ ಸ್ವಲ್ಪ ತಡೆದು, ಮತ್ತೆ ಶುರು ಮಾಡುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯ ಗೆರೆಗಳು ನೆನಪಿಡಲು ಸುಲಭವಾಗಿವೆ. ಎರಡು ತಿಂಗಳೊಳಗಿನ ಕೂಸಾದರೆ ನಿಮಿಷಕ್ಕೆ 60. ಎರಡು ತಿಂಗಳಿಂದ ಒಂದು ವರ್ಷದ ತನಕ 50. ಒಂದರಿಂದ ಐದು ವರ್ಷಕ್ಕೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಬಿರುಸು ಉಸಿರು, ಡಾಕ್ಟರಿಗೆ ತೋರಿಸಬೇಕು. ಊರಿನ ಆಶಾ ಕಾರ್ಯಕರ್ತೆಯರಿಗೂ ಕಲಿಸಿರುವುದು ಇದೇ ಎಣಿಕೆ. ತಂಗಿಯ ಮಗನ ವಯಸ್ಸಿಗೆ ಗೆರೆ 50, ಅವನದು 62.

ಎಣಿಸುವಾಗಲೇ ಕಣ್ಣು ಪಕ್ಕೆಯ ಮೇಲೂ ಇರಲಿ. ಉಸಿರೆಳೆದಾಗ ಎದೆಗೂಡಿನ ಕೆಳಭಾಗ ಹೊರಗೆ ಬರುವ ಬದಲು ಒಳಗೆ ಗುಳಿ ಬೀಳುತ್ತಿದ್ದರೆ, ಮೂಗಿನ ಹೊಳ್ಳೆ ಅರಳುತ್ತಿದ್ದರೆ, ಪ್ರತಿ ಉಸಿರಿಗೂ ನರಳಿದ ಹಾಗೆ ಸದ್ದು ಬರುತ್ತಿದ್ದರೆ ಮಗು ದಣಿಯುತ್ತಿದೆ ಅಂತ ಅರ್ಥ. ಆಗ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಎಂದಿನ ಅರ್ಧದಷ್ಟೂ ಹಾಲು ಕುಡಿಯದಿದ್ದರೆ, ಆರೆಂಟು ಗಂಟೆಯಾದರೂ ಉಚ್ಚೆ ಹೊಯ್ಯದಿದ್ದರೆ, ಎಬ್ಬಿಸಿದರೂ ಏಳದೆ ಜೋಲುತ್ತಿದ್ದರೆ, ತುಟಿ ನಾಲಗೆ ನೀಲಿಗಟ್ಟಿದರೆ, ಉಸಿರು ನಡುನಡುವೆ ನಿಂತರೆ ಸೀದಾ ಆಸ್ಪತ್ರೆಗೆ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಜ್ವರ ಬಂದರೆ ಬೇರೇನೂ ಲಕ್ಷಣ ಇಲ್ಲದಿದ್ದರೂ ಅದೇ ದಿನ ತೋರಿಸಬೇಕು. ದಿನ ತುಂಬದೆ ಹುಟ್ಟಿದ ಮಕ್ಕಳು, ಹುಟ್ಟಿನಿಂದಲೇ ಹೃದಯದ ತೊಂದರೆ ಇರುವ ಮಕ್ಕಳ ವಿಷಯದಲ್ಲಿ ಇನ್ನೂ ಬೇಗ ಹೊರಡಬೇಕು.

ಒಂದು ಸಮಾಧಾನದ ಮಾತೂ ಇದೆ. ಎದೆಯ ಗೊರಗೊರ ಸದ್ದಿಗೆ ನಾವು ತುಂಬಾ ಹೆದರುತ್ತೇವೆ. ಆ ಸದ್ದು ಎಷ್ಟೋ ಸಲ ಮೂಗಿನ, ಗಂಟಲಿನ ಸಿಂಬಳದ್ದು. ಮಗು ಗೊರಗುಟ್ಟುತ್ತಿದ್ದರೂ ಹಾಲು ಕುಡಿದು, ಕೈಕಾಲು ಆಡಿಸಿ, ನಕ್ಕರೆ ಗಾಬರಿ ಬೇಡ. ಸದ್ದೇ ಇಲ್ಲದೆ ಪಕ್ಕೆ ಎಳೆಯುತ್ತಿರುವ ಮಗುವೇ ಹೆಚ್ಚು ಅಪಾಯದಲ್ಲಿರುವುದು.

"ಏನೂ ಔಷಧಿ ಕೊಡಲೇ ಇಲ್ಲ"

ತಂಗಿಯ ಮಗ ಎರಡು ರಾತ್ರಿ ಆಸ್ಪತ್ರೆಯಲ್ಲಿದ್ದ. ಮೂಗಿಗೆ ಸಣ್ಣ ನಳಿಕೆಯಲ್ಲಿ ಆಕ್ಸಿಜನ್. ಆಗಾಗ ಮೂಗಿನ ಸಿಂಬಳ ತೆಗೆಯುವುದು. ಹಾಲು ಸ್ವಲ್ಪ ಸ್ವಲ್ಪ, ಹೆಚ್ಚು ಸಲ. ಅಷ್ಟೇ. ನೋಡಲು ಬಂದ ನಮ್ಮ ದೊಡ್ಡಮ್ಮನಿಗೆ ಇದು ಸರಿಬರಲಿಲ್ಲ. "ಇಷ್ಟು ದುಡ್ಡು ತಗೊಂಡು ಒಂದು ಇಂಜೆಕ್ಷನ್ನೂ ಹಾಕಿಲ್ವಲ್ಲ" ಅಂತ ಗೊಣಗಿದರು.

ಆದರೆ ಬ್ರಾಂಕಿಯೋಲೈಟಿಸ್‌ಗೆ ಚಿಕಿತ್ಸೆ ಅಂದರೆ ಅದೇ. ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು, ವೈರಸ್ಸನ್ನಲ್ಲ. ನೆಬ್ಯುಲೈಜರ್‌ನಲ್ಲಿ ಹಾಕುವ ಆಸ್ತಮಾ ಔಷಧಿ ಕೊಳವೆಯ ಸುತ್ತ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ. ಕೂಸಿನ ತೊಂದರೆ ಬಿಗಿತದ್ದಲ್ಲ, ಊತದ್ದು, ಬಿರಡೆಯದು. ಹಾಗಾಗಿ ಹೆಚ್ಚಿನ ಕೂಸುಗಳಿಗೆ ಅದರಿಂದ ಪ್ರಯೋಜನವಿಲ್ಲ. ದೇಹ ತಾನೇ ಕೊಳವೆಯನ್ನು ತೊಳೆದು ರಿಪೇರಿ ಮಾಡಿಕೊಳ್ಳುತ್ತದೆ. ಅಲ್ಲಿಯವರೆಗೆ ಮಗುವಿಗೆ ಆಮ್ಲಜನಕ ಮತ್ತು ನೀರಿನಂಶ ಕಡಿಮೆಯಾಗದಂತೆ ಕಾಯುವುದೇ ಆಸ್ಪತ್ರೆಯ ಕೆಲಸ. ನ್ಯುಮೋನಿಯಾ ಬ್ಯಾಕ್ಟೀರಿಯಾದ್ದು ಅಂತ ಅನುಮಾನ ಬಂದರೆ ಮಾತ್ರ ಆಂಟಿಬಯೋಟಿಕ್ ಬೇಕು. ಆಗ ಅದು ಜೀವ ಉಳಿಸುತ್ತದೆ. ಯಾವುದು ಯಾವುದು ಅಂತ ಹೇಳಬೇಕಾದವರು ಡಾಕ್ಟರು, ಮೆಡಿಕಲ್ ಶಾಪಿನವರಲ್ಲ.

ಮೂಗಿನ ದ್ರವ ತೆಗೆದು ವೈರಸ್ಸಿನ ಹೆಸರು ಕಂಡುಹಿಡಿಯುವ ದುಬಾರಿ ಟೆಸ್ಟ್ ಎಲ್ಲರಿಗೂ ಮಾಡಿಸದಿರುವುದಕ್ಕೂ ಇದೇ ಕಾರಣ. ಆರ್‌ಎಸ್‌ವಿ ಬಂದರೂ ಎಚ್‌ಎಂಪಿವಿ ಬಂದರೂ ಮಾಡುವ ಕೆಲಸ ಒಂದೇ. ಫ್ಲೂ ಮಾತ್ರ ಬೇರೆ. ಅದಕ್ಕೆ ಮದ್ದಿದೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು.

ಕೆಮ್ಮಿನ ಸಿರಪ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡ ಕಡೆ ಕೆಮ್ಮಿನ ಸಿರಪ್ ಕುಡಿದ ಮಕ್ಕಳ ಕಿಡ್ನಿ ಕೈಕೊಟ್ಟು, 20ಕ್ಕೂ ಹೆಚ್ಚು ಮಕ್ಕಳು ಸತ್ತರು. ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನುವ ಕಾರ್ಖಾನೆಯ ರಾಸಾಯನಿಕ ಬೆರೆತಿತ್ತು. ಆ ಅಕ್ಟೋಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಿ ಕೊಡಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಅಂತ ಸೂಚನೆ ಹೊರಡಿಸಿತು. ವಿಷ ಬೆರೆತದ್ದು ಬೇರೆಯದೇ ಅಪರಾಧ. ಆದರೆ ವಿಷವಿಲ್ಲದ ಸಿರಪ್ಪೂ ಪುಟ್ಟ ಮಕ್ಕಳ ಕೆಮ್ಮು ಕಡಿಮೆ ಮಾಡುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಗುಡಿಸುವ ರೋಮಗಳು ಉದುರಿಹೋದ ಮೇಲೆ ಕಫ ಹೊರಹಾಕಲು ಮಗುವಿಗೆ ಉಳಿದಿರುವ ದಾರಿಯೇ ಕೆಮ್ಮು. ಅದನ್ನು ಅಡಗಿಸಿ ಏನು ಗಿಟ್ಟುತ್ತದೆ?

ಅಜ್ಜಿಯ ಬುಟ್ಟಿಯಲ್ಲಿ ಯಾವುದು ಇರಲಿ, ಯಾವುದು ಬೇಡ

ಎದೆಹಾಲು ನಿಲ್ಲಿಸಬೇಡಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಸಲೈನ್ ಡ್ರಾಪ್ಸ್, ಅಂದರೆ ಬರೀ ಉಪ್ಪುನೀರು, ಹಾಲು ಕುಡಿಸುವ ಮೊದಲು ಮೂಗಿಗೆ ಎರಡು ಹನಿ ಬಿಟ್ಟು ಸಿಂಬಳ ತೆಗೆದರೆ ಮಗು ಆರಾಮಾಗಿ ಕುಡಿಯುತ್ತದೆ. ಜ್ವರದಿಂದ ಕಿರಿಕಿರಿಯಾದರೆ ಪ್ಯಾರಾಸಿಟಮಾಲ್, ಮಗುವಿನ ತೂಕಕ್ಕೆ ತಕ್ಕಂತೆ ಡಾಕ್ಟರು ಹೇಳಿದಷ್ಟು.

ಕೂಸಿನ ಮೂಗಿಗೆ ಎಣ್ಣೆ ಬಿಡುವುದು ಬೇಡವೇ ಬೇಡ. ಎಣ್ಣೆ ಜಾರಿ ಶ್ವಾಸಕೋಶಕ್ಕೆ ಇಳಿದರೆ ಅದರಿಂದಲೇ ಒಂದು ಬಗೆಯ ನ್ಯುಮೋನಿಯಾ ಬರುತ್ತದೆ. ಜೇನುತುಪ್ಪ ಒಂದು ವರ್ಷ ತುಂಬಿದ ಮೇಲೆ ಕೆಮ್ಮಿಗೆ ಒಳ್ಳೆಯದೇ, ಅದಕ್ಕೆ ಮುಂಚೆ ಅಪಾಯ. ಜೇನಿನಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಕೂಸಿನ ಕರುಳಲ್ಲಿ ಬೆಳೆದು ಕೈಕಾಲು ಸೋಲುವಂತೆ ಮಾಡುತ್ತದೆ. ಎಣ್ಣೆ ಸ್ನಾನದ ಮೇಲಿನ ಸಾಂಬ್ರಾಣಿ ಹೊಗೆ ಘಮಘಮ ಅನ್ನುತ್ತದೆ ನಿಜ. ಆದರೆ ಊದಿಕೊಂಡ ಕೊಳವೆಗೆ ಹೊಗೆ ಹೊಗೆಯೇ, ಸೌದೆ ಒಲೆಯದಾಗಲಿ ಬೀಡಿಯದಾಗಲಿ ಸೊಳ್ಳೆಬತ್ತಿಯದಾಗಲಿ. ಬಿಸಿನೀರಿನ ಪಾತ್ರೆ ಇಟ್ಟು ಹಬೆ ಹಿಡಿಸಲು ಹೋಗಿ ಮೈ ಸುಟ್ಟುಕೊಂಡ ಮಕ್ಕಳು ಕಡಿಮೆಯೇನಿಲ್ಲ. ಕರ್ಪೂರ ಬೆರೆತ ಮುಲಾಮು ಎರಡು ವರ್ಷದೊಳಗಿನವರಿಗೆ ಹಚ್ಚುವಂಥದ್ದಲ್ಲ. ಕೆಲವು ಊರುಗಳಲ್ಲಿ ಪಕ್ಕೆ ಎಳೆತಕ್ಕೆ ಈಗಲೂ ಬರೆ ಹಾಕುತ್ತಾರೆ. ಅದು ಮದ್ದಲ್ಲ, ಮಗುವಿಗೆ ಕೊಡುವ ಹಿಂಸೆ.

ಬಾಳೆಹಣ್ಣು ತಿಂದರೆ, ತಲೆಗೆ ನೀರು ಹಾಕಿದರೆ ಶೀತ ಅನ್ನುವ ಮಾತಿದೆಯಲ್ಲ, ಅದರಲ್ಲಿ ವೈರಸ್ ಇಲ್ಲ. ಮಳೆ, ಚಳಿ ಶುರುವಾದರೆ ಕಿಟಕಿ ಬಾಗಿಲು ಮುಚ್ಚಿ ಎಲ್ಲರೂ ಒಂದೇ ಕೋಣೆಯಲ್ಲಿ ಇರುತ್ತೇವೆ. ವೈರಸ್ಸಿಗೆ ಬೇಕಾದದ್ದು ಅದೇ.

ಬರದಂತೆ ತಡೆಯಲು ಆಗುತ್ತದಾ?

ಪೂರ್ತಿ ಆಗುವುದಿಲ್ಲ. ತಂಗಿಯ ಮನೆಗೆ ವೈರಸ್ ತಂದವನು ಎಲ್‌ಕೆಜಿಗೆ ಹೋಗುವ ದೊಡ್ಡ ಮಗ. ಸ್ಕೂಲಿಂದ ಬಂದವನೇ ತಮ್ಮನ ಕೆನ್ನೆಗೆ ಮುತ್ತು. ಆರ್‌ಎಸ್‌ವಿ ಮೇಜು, ಬಾಗಿಲ ಹಿಡಿಯಂಥ ಗಟ್ಟಿ ಜಾಗಗಳ ಮೇಲೆ ಕೆಲವು ಗಂಟೆ ಬದುಕಿರುತ್ತದೆ. ಹಾಗಾಗಿ ಸೋಪು ಹಾಕಿ ಕೈ ತೊಳೆಯುವುದು ಮಾಸ್ಕಿನಷ್ಟೇ ಮುಖ್ಯ. ನೆಗಡಿಯಾದವರು ಬಾಣಂತಿ ಕೋಣೆಗೆ ಹೋಗದಿರುವ ಹಳೆಯ ಪದ್ಧತಿ ಈ ವಿಷಯದಲ್ಲಿ ಸರಿಯಾಗಿಯೇ ಇತ್ತು.

ಸರ್ಕಾರಿ ಲಸಿಕಾ ಪಟ್ಟಿಯಲ್ಲಿರುವ ಪಿಸಿವಿ ಲಸಿಕೆಯನ್ನು ಆರು ವಾರ, 14 ವಾರ, 9 ತಿಂಗಳಿಗೆ ಕೊಡುತ್ತಾರೆ. ಅದು ಬ್ಯಾಕ್ಟೀರಿಯಾದ ನ್ಯುಮೋನಿಯಾ ತಡೆಯುತ್ತದೆ. ಫ್ಲೂ ಲಸಿಕೆ ಆರು ತಿಂಗಳ ಮೇಲೆ ಹಾಕಿಸಬಹುದು, ವರ್ಷಕ್ಕೊಮ್ಮೆ.

ಆರ್‌ಎಸ್‌ವಿ ಲಸಿಕೆಯ ಕಥೆ ಮಾತ್ರ ದೊಡ್ಡದು. 1960ರ ದಶಕದಲ್ಲಿ ಅಮೆರಿಕದಲ್ಲಿ ವೈರಸ್ಸನ್ನು ಫಾರ್ಮಾಲಿನ್ ಅನ್ನುವ ರಾಸಾಯನಿಕದಲ್ಲಿ ಸಾಯಿಸಿ ಲಸಿಕೆ ಮಾಡಿ ಕೂಸುಗಳಿಗೆ ಕೊಟ್ಟರು. ಅದು ತಿರುಗುಬಾಣವಾಯಿತು. ಲಸಿಕೆ ಪಡೆದ ಮೇಲೆ ವೈರಸ್ ತಗುಲಿದ ಮಕ್ಕಳಲ್ಲಿ ಶೇ 80ರಷ್ಟು ಆಸ್ಪತ್ರೆ ಸೇರಿದರು. ಎರಡು ಕೂಸುಗಳು ತೀರಿಕೊಂಡವು. ಆಮೇಲೆ ದಶಕಗಳ ಕಾಲ ಯಾರಿಗೂ ಮುಂದುವರಿಯುವ ಧೈರ್ಯ ಬರಲಿಲ್ಲ. ತಪ್ಪು ಎಲ್ಲಿತ್ತು ಅನ್ನುವುದಕ್ಕೆ ದೊಡ್ಡ ಸುಳಿವು ಸಿಕ್ಕಿದ್ದು 2013ರಲ್ಲಿ. ಈ ವೈರಸ್ಸಿನ ಮೈಮೇಲಿನ ಒಂದು ಪ್ರೋಟೀನು ಜೀವಕೋಶದೊಳಗೆ ನುಗ್ಗುವ ಮುಂಚೆ ಒಂದು ಆಕಾರ, ನುಗ್ಗಿದ ಮೇಲೆ ಇನ್ನೊಂದು ಆಕಾರ ತಾಳುತ್ತದೆ. ಹಳೆಯ ಲಸಿಕೆ ದೇಹಕ್ಕೆ ತೋರಿಸಿದ್ದು ನುಗ್ಗಿದ ಮೇಲಿನ ಆಕಾರವನ್ನು. ಕಳ್ಳ ವೇಷ ಬದಲಿಸಿದ ಮೇಲೆ ತೆಗೆದ ಫೋಟೋವನ್ನು ಪೊಲೀಸರಿಗೆ ಕೊಟ್ಟ ಹಾಗೆ.

ಮೊದಲಿನ ಆಕಾರ ಗೊತ್ತಾದ ಮೇಲೆ ಎರಡು ದಾರಿ ತೆರೆದವು. ಒಂದು, ಬಸುರಿಗೆ ಲಸಿಕೆ. ಆಕೆಯ ದೇಹ ಪ್ರತಿಕಾಯ, ಅಂದರೆ ವೈರಸ್ಸನ್ನು ಹಿಡಿದು ತಡೆಯುವ ಪ್ರೋಟೀನು, ತಯಾರಿಸಿ ಹೊಟ್ಟೆಯಲ್ಲಿರುವ ಮಗುವಿಗೆ ದಾಟಿಸುತ್ತದೆ. ಇನ್ನೊಂದು, ತಯಾರಾದ ಪ್ರತಿಕಾಯವನ್ನೇ ಕೂಸಿಗೆ ಚುಚ್ಚುವುದು. ಲಸಿಕೆ ಅಡುಗೆ ಕಲಿಸಿಕೊಟ್ಟ ಹಾಗೆ, ಇದು ಡಬ್ಬಿಗೆ ಊಟ ಹಾಕಿ ಕಳಿಸಿದ ಹಾಗೆ. ಡಬ್ಬಿ ಒಂದು ದಿನ ಖಾಲಿಯಾಗುತ್ತದೆ, ಆದರೆ ಅತ್ಯಂತ ಅಪಾಯದ ಮೊದಲ ಐದಾರು ತಿಂಗಳು ಅಷ್ಟರಲ್ಲಿ ದಾಟಿರುತ್ತದೆ. 2023ರಿಂದ ಅಮೆರಿಕದಲ್ಲಿ ಇವೆರಡೂ ಬಳಕೆಯಲ್ಲಿವೆ. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೇಶಗಳಿಗೂ ಎರಡರಲ್ಲೊಂದನ್ನು ಶಿಫಾರಸು ಮಾಡಿತು.

ಎಷ್ಟು ದಿನ?

ಈ ಕಾಯಿಲೆಗೆ ತನ್ನದೇ ನಡಿಗೆಯಿದೆ. ಮೊದಲೆರಡು ದಿನ ಬರೀ ಮೂಗು. ಮೂರರಿಂದ ಐದನೇ ದಿನ ಜೋರು. ಆಮೇಲೆ ನಿಧಾನಕ್ಕೆ ಇಳಿಕೆ. ಎರಡನೇ ದಿನ ತೋರಿಸಿ "ಏನಿಲ್ಲ" ಅನ್ನಿಸಿಕೊಂಡು ಬಂದವರು ನಾಲ್ಕನೇ ದಿನ ಮತ್ತೆ ಎಣಿಸಬೇಕಾದದ್ದು ಇದಕ್ಕೇ. ಕೆಮ್ಮು ಮಾತ್ರ ಎರಡು ಮೂರು ವಾರ ಎಳೆಯುತ್ತದೆ, ಉದುರಿದ ರೋಮಗಳು ಮತ್ತೆ ಬೆಳೆಯಲು ಅಷ್ಟು ಹೊತ್ತು ಬೇಕು. ಇಳಿದ ಜ್ವರ ಮತ್ತೆ ಏರಿದರೆ ಮಾತ್ರ ಅದು ಬೇರೆ ಸೋಂಕಿರಬಹುದು, ಪುನಃ ತೋರಿಸಿ.

ತಂಗಿ ಫ್ರಿಜ್ಜಿನ ಮೇಲೆ ಒಂದು ಚೀಟಿ ಅಂಟಿಸಿದ್ದಳು. 62, 56, 51, 44, 38. ಮಗು ಮನೆಗೆ ಬಂದು ಇಪ್ಪತ್ತು ದಿನವಾದ ಮೇಲೂ ರಾತ್ರಿ ಒಂದೆರಡು ಸಲ ಕೆಮ್ಮುತ್ತಿದ್ದ. ಆ ಕೆಮ್ಮೂ ನಿಂತ ವಾರವೇ ದೊಡ್ಡವನು ಸ್ಕೂಲಿಂದ ಸೀನುತ್ತಾ ಬಂದ. ತಂಗಿ ಬಾಗಿಲಲ್ಲೇ ಅವನನ್ನು ತಡೆದು ಬಚ್ಚಲಿಗೆ ಕಳಿಸಿದಳು, ಸೋಪು ಹಾಕಿ ಕೈ ತೊಳೆಯೋಕೆ.